ಸ್ಟೀರಿಂಗ್ ಗಟ್ಟಿಯಾಗಿದೆಯೇ? ರ‍್ಯಾಕ್ ಬದಲಿಸುವ ಮುಂಚೆ ಇಷ್ಟು ನೋಡಿ

ಪ್ರಶ್ನೆ: ನಾನು ಪಾಂಡವಪುರದ ಹತ್ತಿರದ ಹಳ್ಳಿಯವನು. ಕಬ್ಬು, ಭತ್ತ ಬೆಳೆಯುತ್ತೇನೆ. 2011ರ ಡೀಸೆಲ್ ಗಾಡಿ ಇದೆ. 1 ಲಕ್ಷ 40 ಸಾವಿರ ಕಿಲೋಮೀಟರ್ ಓಡಿದೆ. ಎರಡು ತಿಂಗಳಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಸ್ಟೀರಿಂಗ್ ಗಟ್ಟಿ ಇರುತ್ತೆ. ತಿರುಗಿಸಿದರೆ ಬಾನೆಟ್ ಒಳಗಿಂದ ಗುಂಯ್ ಅಂತ ಸದ್ದು. ಐದಾರು ಕಿಲೋಮೀಟರ್ ಹೋದ ಮೇಲೆ ಸುಮಾರಾಗಿ ಸರಿಹೋಗುತ್ತೆ. ಮಂಡ್ಯದಲ್ಲಿ ಒಬ್ಬರು ಒಂದು ರೌಂಡ್ ಓಡಿಸಿ ನೋಡಿ, ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ರ‍್ಯಾಕ್ ಹೋಗಿದೆ, ಪೂರ್ತಿ ಬದಲಿಸಬೇಕು ಎಂದರು. ಮೈಸೂರಿನಲ್ಲಿ ಇನ್ನೊಬ್ಬರು ಸದ್ದು ಕೇಳಿಯೇ ಪಂಪ್ ಹೋಗಿದೆ ಎಂದರು. ಇಬ್ಬರು ಹೇಳಿದ ದುಡ್ಡು ಕೇಳಿ ಎದೆ ಧಸಕ್ ಎಂದಿತು. ಯಾರ ಮಾತು ನಂಬಲಿ? ಮೈಸೂರಿನಲ್ಲಿ ಕೆಲಸಕ್ಕಿರುವ ನಮ್ಮ ಅಣ್ಣನ ಮಗಳ ಸಣ್ಣ ಪೆಟ್ರೋಲ್ ಕಾರಿನಲ್ಲೂ ಆಗಾಗ ಸ್ಟೀರಿಂಗ್ ಚಿತ್ರದ ಲೈಟ್ ಹತ್ತಿ, ಸ್ಟೀರಿಂಗ್ ಕಲ್ಲಾಗುತ್ತದಂತೆ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದಂತೆ. ಎರಡೂ ಒಂದೇ ಕಾಯಿಲೆಯೇ?

ಉತ್ತರ: ನಮಸ್ಕಾರ. ಎರಡೂ ಒಂದೇ ಕಾಯಿಲೆ ಅಲ್ಲ. ನಿಮ್ಮ ಗಾಡಿಯಲ್ಲಿ ನಿಮ್ಮ ಕೈಗೆ ಬಲ ಕೊಡುವುದು ಎಣ್ಣೆ. ನಿಮ್ಮ ಅಣ್ಣನ ಮಗಳ ಕಾರಿನಲ್ಲಿ ಆ ಕೆಲಸ ಮಾಡುವುದು ಕರೆಂಟು. ಒಂದರಲ್ಲಿ ಹುಡುಕುವ ಜಾಗ ಇನ್ನೊಂದರಲ್ಲಿ ಇರುವುದೇ ಇಲ್ಲ. ಅದಕ್ಕೆ ಬೇರೆ ಬೇರೆಯಾಗಿಯೇ ನೋಡೋಣ. ನಿಮ್ಮದು ಮೊದಲು.

ಆ ಇಬ್ಬರಲ್ಲಿ ಯಾರು ಸರಿ ಅಂತ ಮೈಸೂರಿನಲ್ಲಿ ಕೂತು ನಾನು ಹೇಳುವುದು ತಪ್ಪಾಗುತ್ತೆ. ಆದರೆ ಇಬ್ಬರೂ ಅಳತೆ ಮಾಡದೆ ಹೇಳಿದ್ದಾರೆ. ಒಬ್ಬರು ಓಡಿಸಿ ಹೇಳಿದರು, ಇನ್ನೊಬ್ಬರು ಕೇಳಿ ಹೇಳಿದರು. ಪವರ್ ಸ್ಟೀರಿಂಗ್ ವಿಷಯದಲ್ಲಿ ಅಷ್ಟು ಸಾಲದು. ಗಟ್ಟಿಯಾಗಿದೆ ಅನ್ನುವುದು ಎಲ್ಲರಿಗೂ ಗೊತ್ತಾಗುತ್ತೆ. ಯಾವಾಗ ಗಟ್ಟಿಯಾಗುತ್ತೆ, ಯಾವ ಕಡೆ ತಿರುಗಿಸಿದಾಗ ಗಟ್ಟಿಯಾಗುತ್ತೆ ಅನ್ನುವುದೇ ಕಾರಣ ತೋರಿಸುವುದು. ನೀವು ಅರ್ಧ ಬರೆದಿದ್ದೀರಿ. ಬೆಳಿಗ್ಗೆ ಗಟ್ಟಿ, ಬಿಸಿಯಾದ ಮೇಲೆ ಸಡಿಲ, ಜೊತೆಗೆ ಸದ್ದು. ಒಳ್ಳೆಯ ಸುಳಿವು ಇವು. ಎಡಕ್ಕೆ ಬಲಕ್ಕೆ ಎರಡೂ ಕಡೆ ಗಟ್ಟಿಯೇ, ಒಂದೇ ಕಡೆಯೇ ಅನ್ನುವುದನ್ನು ಮಾತ್ರ ಬರೆದಿಲ್ಲ. ನಾಳೆ ಬೆಳಿಗ್ಗೆ ಅದನ್ನು ಗಮನಿಸಿ. ಅದಕ್ಕೆ ಮುಂದೆ ಬರುತ್ತೇನೆ.

ಒಳಗೆ ಏನು ನಡೆಯುತ್ತೆ ಅಂತ ಸ್ವಲ್ಪ ತಿಳಿದಿದ್ದರೆ ಯಾರೂ ನಿಮ್ಮನ್ನು ಹೆದರಿಸಲಾರರು. ಇಂಜಿನ್ ತಿರುಗುವಾಗ ಬೆಲ್ಟ್ ತಿರುಗುತ್ತೆ. ಬೆಲ್ಟ್ ಒಂದು ಸಣ್ಣ ಪಂಪನ್ನು ತಿರುಗಿಸುತ್ತೆ. ಪಂಪ್ ಡಬ್ಬಿಯಿಂದ ಎಣ್ಣೆ ಎಳೆದು, ಗಟ್ಟಿ ಪೈಪಿನಲ್ಲಿ ಒತ್ತಿ, ಕೆಳಗಿರುವ ರ‍್ಯಾಕಿಗೆ ಕಳಿಸುತ್ತೆ. ನೀವು ಸ್ಟೀರಿಂಗ್ ತಿರುಗಿಸಿದಾಗ ರ‍್ಯಾಕಿನ ತಲೆಯಲ್ಲಿರುವ ವಾಲ್ವಿನೊಳಗೆ ಒಂದು ತೆಳು ಕಂಬಿ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತೆ. ಅಷ್ಟಕ್ಕೇ ಎಣ್ಣೆಗೆ ಒಂದು ಕಡೆಯ ದಾರಿ ತೆರೆದು, ಅದು ರ‍್ಯಾಕಿನ ಪಿಸ್ಟನ್ನನ್ನು ತಳ್ಳುತ್ತೆ. ನಿಮ್ಮ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್. ಸ್ಟೀರಿಂಗನ್ನು ತುದಿಯವರೆಗೆ ತಿರುಗಿಸಿ ಫುಲ್ ಕಟ್ ಮಾಡಿದಾಗ ಈ ಪಂಪಿನ ಒತ್ತಡ ಎಷ್ಟೋ ಕಾರುಗಳಲ್ಲಿ 70 ಬಾರ್ ದಾಟುತ್ತೆ. ಇಷ್ಟು ಬಲದ ಕೆಲಸಕ್ಕೆ ಎಣ್ಣೆ ಶುದ್ಧ ಇರಬೇಕು, ಗಾಳಿ ಸೇರಿರಬಾರದು, ಬೆಲ್ಟ್ ಜಾರಬಾರದು. ಇದರಲ್ಲಿ ಯಾವುದು ತಪ್ಪಿದರೂ ರ‍್ಯಾಕ್ ಕೆಟ್ಟ ಹಾಗೇ ಕಾಣುತ್ತೆ. ರ‍್ಯಾಕ್ ಈ ದಾರಿಯ ಕೊನೆಯಲ್ಲಿದೆ. ಹುಡುಕುವಾಗಲೂ ಅದು ಕೊನೆಗೇ ಬರಬೇಕು.

ಮೊದಲು ಟೈರು. ಪಂಕ್ಚರ್ ಅಂಗಡಿಯಲ್ಲಿ ಮುಂದಿನ ಎರಡೂ ಚಕ್ರದ ಗಾಳಿ ನೋಡಿಸಿ. ಡ್ರೈವರ್ ಬಾಗಿಲಿನ ಒಳಗಡೆ ಸ್ಟಿಕ್ಕರಿನಲ್ಲಿ ಎಷ್ಟಿರಬೇಕು ಅಂತ ಬರೆದಿರುತ್ತೆ. ಗಾಳಿ ಕಡಿಮೆ ಇದ್ದರೆ ಎಂಥ ಸ್ಟೀರಿಂಗೂ ಗಟ್ಟಿಯೇ. ಕಂಪನಿ ಕೊಟ್ಟಿದ್ದಕ್ಕಿಂತ ಅಗಲದ ಟೈರು ಹಾಕಿಸಿದ್ದರೂ ಹಾಗೇ.

ಆಮೇಲೆ ಒಂದು ಪರೀಕ್ಷೆ. ಗ್ಯಾರೇಜಿನಲ್ಲಿ ಮುಂದಿನ ಎರಡೂ ಚಕ್ರ ಜಾಕಿಯಲ್ಲಿ ಎತ್ತಿ, ಸ್ಟ್ಯಾಂಡ್ ಕೊಟ್ಟು ನಿಲ್ಲಿಸಲಿ. ಕಲ್ಲು, ಇಟ್ಟಿಗೆ ಬೇಡ. ಅದು ಸರಿದು ಜೀವ ಹೋಗಿರುವುದು ಉಂಟು. ಇಂಜಿನ್ ಆಫ್ ಇರಲಿ, ಕೀ ಹಾಕಿ ಲಾಕ್ ಮಾತ್ರ ಬಿಡಿಸಿ. ಈಗ ಕೈಯಲ್ಲಿ ನಿಧಾನವಾಗಿ ಆ ತುದಿಯಿಂದ ಈ ತುದಿಗೆ ತಿರುಗಿಸಿ. ಚಕ್ರ ನೆಲದಲ್ಲಿಲ್ಲ, ಭಾರವಿಲ್ಲ. ಆದರೂ ಗಟ್ಟಿ ಅಂದರೆ ಎಣ್ಣೆಯ ತಪ್ಪಲ್ಲ, ಎಲ್ಲೋ ಕಬ್ಬಿಣ ಕಚ್ಚಿಕೊಂಡಿದೆ. ಆರಾಮಾಗಿ ತಿರುಗಿದರೆ ಕಬ್ಬಿಣ ಸರಿ ಇದೆ, ಬಲ ಕೊಡುವ ಕಡೆ ಏನೋ ಆಗಿದೆ. ಐದು ನಿಮಿಷದ ಕೆಲಸ. ಇದೊಂದನ್ನು ಮಾಡದೆ ಪಂಪು, ರ‍್ಯಾಕು ಬಿಚ್ಚಿದ ಗಾಡಿಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತೆ.

ಕಬ್ಬಿಣ ಕಚ್ಚಿಕೊಳ್ಳುವುದು ನಿಮ್ಮ ಕಡೆ ಜಾಸ್ತಿ. ನಾಲೆ ಏರಿ ಮೇಲೆ, ಗದ್ದೆ ದಾರಿಯಲ್ಲಿ ಓಡುವ ಗಾಡಿಗಳು. ಕೆಸರು ನೀರು ಕೆಳಗಿಂದ ಹೊಡೆಯುತ್ತೆ. ಸ್ಟೀರಿಂಗ್ ಕಂಬಿಯ ಕೆಳಗಡೆ ಒಂದು ಕ್ರಾಸ್ ಜಾಯಿಂಟ್ ಇರುತ್ತೆ. ಅದಕ್ಕೆ ತುಕ್ಕು ಹಿಡಿದರೆ ಗುರುತು ಹಿಡಿಯುವುದು ಸುಲಭ. ಸ್ಟೀರಿಂಗನ್ನು ಒಂದು ಪೂರ್ತಿ ಸುತ್ತು ಸುತ್ತಿದಾಗ ಎರಡು ಜಾಗದಲ್ಲಿ ಗಟ್ಟಿ, ಎರಡು ಜಾಗದಲ್ಲಿ ಸಡಿಲ ಸಿಗುತ್ತೆ. ಯಾವಾಗಲೂ ಅದೇ ಜಾಗದಲ್ಲಿ. ಪಂಪು, ರ‍್ಯಾಕು ಹಾಗೆ ಮಾಡುವುದಿಲ್ಲ. ಇನ್ನು ಸಸ್ಪೆನ್ಷನ್ ಮೇಲ್ಗಡೆಯ ಬೇರಿಂಗ್ ಸವೆದಿದ್ದರೆ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಸ್ಪ್ರಿಂಗ್ ಟಂಗ್ ಎಂದು ಬಡಿಯುತ್ತೆ. ಹಂಪ್ ಮೇಲೆ ಕಟ ಕಟ ಅಂದರೆ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲಿಂಕ್ ರಾಡ್ ನೋಡಬೇಕು. ಅದಕ್ಕೂ ಪವರಿಗೂ ಸಂಬಂಧವಿಲ್ಲ.

ನಿಮ್ಮದರಲ್ಲಿ ಸದ್ದೂ ಇದೆ, ಬಿಸಿಯಾದ ಮೇಲೆ ಸರಿಯೂ ಹೋಗುತ್ತೆ. ಅದಕ್ಕೆ ನನ್ನ ಕಣ್ಣು ಎಣ್ಣೆಯ ಕಡೆಗೇ ಹೋಗುತ್ತೆ.

ಬಾನೆಟ್ ಎತ್ತಿ. ಪವರ್ ಸ್ಟೀರಿಂಗ್ ಆಯಿಲ್ ಡಬ್ಬಿ ಹುಡುಕಿ. ಮುಚ್ಚಳದ ಮೇಲೆ ಸ್ಟೀರಿಂಗ್ ಚಿತ್ರ ಇರುತ್ತೆ. ಅನೇಕ ಗಾಡಿಗಳಲ್ಲಿ ಎರಡು ಗೆರೆ ಇರುತ್ತೆ, ಇಂಜಿನ್ ತಣ್ಣಗಿದ್ದಾಗ ಒಂದು, ಬಿಸಿಯಿದ್ದಾಗ ಒಂದು. ಬೆಳಿಗ್ಗೆ ನೋಡಿದರೆ ತಣ್ಣನೆಯ ಗೆರೆಗೆ ಹೋಲಿಸಿ. ಒಂದು ಹನಿ ಎಣ್ಣೆ ತೆಗೆದು ಬಿಳಿ ಕಾಗದದ ಮೇಲೆ ಹಾಕಿ. ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಹಾಕುವ ಗಾಡಿಯಾದರೆ ಹೊಸ ಎಣ್ಣೆ ಕೆಂಪಗೆ, ಪಾರದರ್ಶಕವಾಗಿ ಇರುತ್ತೆ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಅದರ ಆಯುಸ್ಸು ಮುಗಿದಿದೆ, ಒಳಗಿನ ರಬ್ಬರು ಸವೆದ ಪುಡಿಯೂ ಸೇರಿದೆ. ನೊರೆ ನೊರೆ, ಗುಲಾಬಿ ಹಾಲಿನ ಹಾಗೆ ಇದ್ದರೆ ಗಾಳಿ ಸೇರಿದೆ, ಅಥವಾ ನೀರು. ಹದಿನಾಲ್ಕು ಹದಿನೈದು ವರ್ಷದ ಗಾಡಿ ನಿಮ್ಮದು. ಈ ಎಣ್ಣೆ ಒಮ್ಮೆಯೂ ಬದಲಾಗಿಲ್ಲ ಅಂದರೆ ನನಗೆ ಆಶ್ಚರ್ಯವಿಲ್ಲ. ಇಂಜಿನ್ ಆಯಿಲ್ ಎಲ್ಲರೂ ಬದಲಿಸುತ್ತಾರೆ. ಇದನ್ನು ಕೇಳುವವರೇ ಇಲ್ಲ.

ಆ ಡಬ್ಬಿಯ ತಳದಲ್ಲಿ ಅನೇಕ ಗಾಡಿಗಳಲ್ಲಿ ಒಂದು ಸಣ್ಣ ಜಾಲರಿ ಇರುತ್ತೆ. ಎಣ್ಣೆಯ ಕೊಳೆ ತಡೆಯುವುದಕ್ಕೆ. ವರ್ಷಗಟ್ಟಲೆ ಎಣ್ಣೆ ಬದಲಿಸದಿದ್ದರೆ ಆ ಜಾಲರಿಯೇ ಮುಚ್ಚಿಕೊಳ್ಳುತ್ತೆ. ಈಗ ನಿಮ್ಮ ಬೆಳಗಿನ ಕಷ್ಟ ನೆನಪು ಮಾಡಿಕೊಳ್ಳಿ. ರಾತ್ರಿಯಿಡೀ ನಿಂತ ಗಾಡಿ, ಎಣ್ಣೆ ತಣ್ಣಗೆ ಮಂದವಾಗಿದೆ. ಮುಚ್ಚಿದ ಜಾಲರಿಯಲ್ಲಿ ಅದು ಇಳಿಯುವುದಿಲ್ಲ. ಪಂಪಿಗೆ ಬೇಕಾದಷ್ಟು ಎಣ್ಣೆ ಸಿಗದೆ ಅದು ಕೂಗುತ್ತೆ. ಒತ್ತಡ ಏಳುವುದಿಲ್ಲ, ಸ್ಟೀರಿಂಗ್ ಗಟ್ಟಿ. ಐದಾರು ಕಿಲೋಮೀಟರ್ ಹೋದಾಗ ಎಣ್ಣೆ ಬಿಸಿಯಾಗಿ ತೆಳುವಾಗಿ, ಜಾಲರಿಯಲ್ಲಿ ಹೇಗೋ ನುಸುಳುತ್ತೆ. ಸದ್ದು ಕಡಿಮೆ, ಸ್ಟೀರಿಂಗ್ ಸಡಿಲ. ನೀವು ಬರೆದದ್ದಕ್ಕೆ ಇದು ಚೆನ್ನಾಗಿಯೇ ಹೊಂದುತ್ತೆ, ಅಲ್ವಾ? ಜಾಲರಿ ತೊಳೆಯಲು ಬರದಿದ್ದರೆ ಡಬ್ಬಿಯನ್ನೇ ಬದಲಿಸಬೇಕು. ಪಂಪು, ರ‍್ಯಾಕಿನ ಮುಂದೆ ಅದರ ಬೆಲೆ ಏನೂ ಅಲ್ಲ.

ಇದೇ ಲಕ್ಷಣ ತೋರಿಸುವ ಇನ್ನೊಂದು ಇದೆ. ಡಬ್ಬಿಯಿಂದ ಪಂಪಿಗೆ ಬರುವ ರಬ್ಬರ್ ಪೈಪ್. ಇದು ಎಳೆಯುವ ಕಡೆ. ಇಲ್ಲಿ ಕ್ಲಿಪ್ ಸಡಿಲವಾದರೆ, ರಬ್ಬರ್ ಬಿರುಕು ಬಿಟ್ಟರೆ, ಪಂಪ್ ಎಣ್ಣೆಯ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತೆ. ತಮಾಷೆಯ ವಿಷಯವಲ್ಲ ಇದು, ಏಕೆಂದರೆ ನೆಲದ ಮೇಲೆ ಒಂದು ಹನಿಯೂ ಬೀಳದೆ ಇರಬಹುದು. ಒತ್ತುವ ಕಡೆ ತೂತಾದರೆ ಎಣ್ಣೆ ಹೊರಗೆ ಸೋರುತ್ತೆ, ಕಣ್ಣಿಗೆ ಕಾಣುತ್ತೆ. ಎಳೆಯುವ ಕಡೆ ತೂತಾದರೆ ಗಾಳಿ ಒಳಗೆ ಹೋಗುತ್ತೆ, ಕಾಣುವುದಿಲ್ಲ. ಕಾಣುವುದು ಡಬ್ಬಿಯಲ್ಲಿನ ಗುಳ್ಳೆ ಮಾತ್ರ. ಬೆಳಿಗ್ಗೆ ರಬ್ಬರ್ ತಣ್ಣಗೆ ಸೆಟೆದುಕೊಂಡಿದ್ದಾಗ ಜಾಸ್ತಿ ಎಳೆಯುತ್ತೆ, ಬಿಸಿಯಾಗಿ ಮೆತ್ತಗಾದಾಗ ಕಡಿಮೆ.

ನಾಗಮಂಗಲದ ಕಡೆಯಿಂದ ಒಬ್ಬರು ಬಂದಿದ್ದರು. ಆಲೆಮನೆ ಇಟ್ಟುಕೊಂಡವರು. ಬೇರೆ ಕಡೆ ಮೊದಲು ರ‍್ಯಾಕ್ ಬದಲಿಸಿದ್ದರು. ಸರಿಹೋಗಲಿಲ್ಲ ಅಂತ ಇನ್ನೊಂದು ಕಡೆ ಪಂಪ್ ಬದಲಿಸಿದ್ದರು. ಸದ್ದು ಹಾಗೇ ಇತ್ತು. ಇಂಜಿನ್ ಓಡುತ್ತಿರುವಾಗ ಡಬ್ಬಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆವು. ಸೋಡಾ ಬಾಟಲಿಯ ಹಾಗೆ ಸಣ್ಣ ಗುಳ್ಳೆಗಳು. ಎಳೆಯುವ ಪೈಪ್ ಕೈಯಲ್ಲಿ ಮಡಿಚಿದರೆ ಒಳಗಡೆ ಕೂದಲಿನಂಥ ಬಿರುಕುಗಳು. ಒಂದು ಮೊಳ ರಬ್ಬರ್ ಪೈಪ್, ಎರಡು ಕ್ಲಿಪ್, ಒಂದು ಲೀಟರ್ ಎಣ್ಣೆ, ಅಷ್ಟರಲ್ಲಿ ಗಾಡಿ ಸರಿಹೋಯಿತು. ಅವರು ಮುಂಚೆ ಕೊಟ್ಟ ದುಡ್ಡು ಒಂದು ಹಂಗಾಮಿನ ಬೆಲ್ಲದ ಲಾಭ ಎಂದರು. ಆ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬೆಲ್ಟ್ ವಿಷಯ ಬೇಗ ಮುಗಿಸುತ್ತೇನೆ. ಬೆಲ್ಟ್ ಜಾರಿದರೆ ಬರುವುದು ಗುಂಯ್ ಅಲ್ಲ, ಕೀರ್ ಅಂತ ಕಿರುಚು. ಮಳೆಯ ದಿನ, ಸ್ಟಾರ್ಟ್ ಮಾಡಿದ ತಕ್ಷಣ, ಫುಲ್ ಕಟ್ ಮಾಡಿದಾಗ ಜಾಸ್ತಿ. ಇಂಜಿನ್ ಆಫ್ ಮಾಡಿ ಬೆಲ್ಟ್ ನೋಡಿ. ಅಡ್ಡ ಬಿರುಕು, ಹೊಳಪು, ಎಣ್ಣೆ ಜಿಡ್ಡು ಇದ್ದರೆ ಬದಲಿಸಿ. ಮೇಲೆ ಎಣ್ಣೆ ಬಿದ್ದ ಬೆಲ್ಟನ್ನು ಒರೆಸಿ ಬಿಗಿ ಮಾಡಿ ಓಡಿಸುವುದು ಸುಮ್ನೆ ದಿನ ತಳ್ಳುವ ಕೆಲಸ. ಇನ್ನೊಂದು ನೆನಪಿಡಿ. ಓಡುವಾಗ ಸ್ಟೀರಿಂಗ್ ಏಕಾಏಕಿ ಗಟ್ಟಿಯಾಗಿ, ಅದೇ ಕ್ಷಣ ಮೀಟರಿನಲ್ಲಿ ಬ್ಯಾಟರಿಯ ಕೆಂಪು ದೀಪವೂ ಹತ್ತಿದರೆ ಬೆಲ್ಟ್ ತುಂಡಾಗಿದೆ ಎಂದೇ ತಿಳಿಯಿರಿ. ಕೆಲವು ಇಂಜಿನ್‌ಗಳಲ್ಲಿ ನೀರಿನ ಪಂಪ್ ತಿರುಗಿಸುವುದೂ ಅದೇ ಬೆಲ್ಟ್. ಮುಂದಿನ ಊರಿಗೆ ಹೋಗಿ ನೋಡೋಣ ಅಂದರೆ ಇಂಜಿನ್ನೇ ಸುಟ್ಟುಹೋಗುತ್ತೆ. ಅಲ್ಲೇ ಬದಿಗೆ ಹಾಕಿ ನಿಲ್ಲಿಸಿ.

ಈಗ ರ‍್ಯಾಕ್. ಅದು ಕೆಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮಂಡ್ಯದ ಮೆಕ್ಯಾನಿಕ್ ಹೇಳಿದ್ದು ನಿಜವೂ ಇರಬಹುದು. ಬೆಳಿಗ್ಗೆ ಗಟ್ಟಿಯಾಗಿ ಬಿಸಿಯಾದ ಮೇಲೆ ಸಡಿಲವಾಗುವುದು ಹಳೆಯ ರ‍್ಯಾಕಿನ ವಾಲ್ವ್ ಸವೆದಾಗಲೂ ಆಗುತ್ತೆ. ಆದರೆ ಆಗ ಸಾಮಾನ್ಯವಾಗಿ ಒಂದು ಕಡೆಗೆ ತಿರುಗಿಸುವಾಗ ಗಟ್ಟಿ ಜಾಸ್ತಿ, ಇನ್ನೊಂದು ಕಡೆಗೆ ಹಗುರ. ಎಡಕ್ಕೂ ಬಲಕ್ಕೂ ಇರುವುದು ಒಂದೇ ಪಂಪು, ಒಂದೇ ಎಣ್ಣೆ. ಪಂಪ್ ಸೋತರೆ ಎರಡೂ ಕಡೆ ಸೋಲುತ್ತೆ. ಒಂದೇ ಕಡೆ ಸೋತರೆ ಎಣ್ಣೆಗೆ ದಾರಿ ಹಂಚುವ ವಾಲ್ವು, ರ‍್ಯಾಕಿನ ಒಳಸೀಲು ನೋಡಬೇಕು. ಅದಕ್ಕೇ ಯಾವ ಕಡೆ ಗಟ್ಟಿ ಅಂತ ಮೊದಲೇ ಕೇಳಿದ್ದು. ರ‍್ಯಾಕಿನ ಎರಡೂ ತುದಿಯಲ್ಲಿ ಮಡಿಕೆ ಮಡಿಕೆಯ ರಬ್ಬರ್ ಬೂಟ್ ಇರುತ್ತೆ. ಅದನ್ನು ಅದುಮಿ ನೋಡಿಸಿ. ಒಳಗೆ ಎಣ್ಣೆ ತುಂಬಿ ಲೊಳಕ್ ಎಂದರೆ ಸೀಲ್ ಹೋಗಿದೆ. ಆಗಲೂ ಪೂರ್ತಿ ಹೊಸ ರ‍್ಯಾಕೇ ಬೇಕಾಗಿಲ್ಲ. ಒಳಗಿನ ರಾಡ್ ನಯವಾಗಿದ್ದರೆ ಸೀಲ್ ಕಿಟ್ ಹಾಕಬಹುದು. ರಾಡಿಗೆ ತುಕ್ಕು ಕಚ್ಚಿ ಗುಳಿ ಬಿದ್ದಿದ್ದರೆ ಮಾತ್ರ ಹೊಸ ಸೀಲೂ ಬೇಗ ಹರಿಯುತ್ತೆ. ಆಗ ರಿಪೇರಿಗೆ ದುಡ್ಡು ಹಾಕಬೇಡಿ.

ಪಂಪೋ ರ‍್ಯಾಕೋ ಎನ್ನುವ ಜಗಳ ತೀರಿಸಲು ಒಂದು ಪ್ರೆಷರ್ ಗೇಜ್ ಸಾಕು. ಪಂಪಿನಿಂದ ಹೊರಡುವ ಗಟ್ಟಿ ಪೈಪಿನಲ್ಲಿ, ಮಧ್ಯೆ ಒಂದು ಗೇಟ್ ಇರುವ ಗೇಜ್ ಕೂರಿಸುತ್ತಾರೆ. ಇಂಜಿನ್ ಓಡಿಸಿ, ಆ ಗೇಟನ್ನು ಒಂದೆರಡು ಸೆಕೆಂಡ್ ಮುಚ್ಚುತ್ತಾರೆ. ಐದು ಸೆಕೆಂಡ್ ದಾಟಬಾರದು, ಪಂಪ್ ಬೆಂದುಹೋಗುತ್ತೆ. ಆಗ ಕಾಣುವುದು ಪಂಪಿನ ಪೂರ್ತಿ ಶಕ್ತಿ. ಅದು ಆ ಗಾಡಿಯ ಲೆಕ್ಕಕ್ಕೆ ಬಂದರೆ ಪಂಪ್ ಚೆನ್ನಾಗಿದೆ. ಆಮೇಲೆ ಗೇಟ್ ತೆರೆದು ಸ್ಟೀರಿಂಗ್ ಫುಲ್ ಕಟ್ ಮಾಡಿ ನೋಡುತ್ತಾರೆ. ಅಷ್ಟೇ ಒತ್ತಡ ಬಂದರೆ ರ‍್ಯಾಕೂ ಚೆನ್ನಾಗಿದೆ. ಮುಚ್ಚಿದಾಗ ಬಂದ ಒತ್ತಡ ತೆರೆದಾಗ ಬರದಿದ್ದರೆ ಎಣ್ಣೆ ರ‍್ಯಾಕಿನ ಒಳಗೇ ಕಳ್ಳದಾರಿ ಹಿಡಿದಿದೆ. ಮುಚ್ಚಿದಾಗಲೇ ಬರದಿದ್ದರೆ ಪಂಪು, ಇಲ್ಲವೇ ಅದರ ವಾಲ್ವು. ಹೀಗೆ ಅಳೆದ ಮೇಲೆ ವಾದಕ್ಕೆ ಜಾಗವೇ ಇಲ್ಲ. ಬೆಳಿಗ್ಗೆ ತಣ್ಣಗಿರುವಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ ಅಳೆಯಲಿ. ನಿಮ್ಮ ತೊಂದರೆ ಬರುವುದೇ ಬೆಳಿಗ್ಗೆ. ಹಿಂದಿನ ಸಂಜೆಯೇ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ. ದೊಡ್ಡ ಪಾರ್ಟು ಹೇಳುವ ಯಾರನ್ನೇ ಆಗಲಿ, ಗೇಜ್ ಹಾಕಿ ತೋರಿಸಿ ಅಂತ ಮರ್ಯಾದೆಯಿಂದ ಕೇಳಿ. ಕೇಳುವ ಹಕ್ಕು ನಿಮಗಿದೆ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಾಗಾದರೆ ನಿಮ್ಮ ಗಾಡಿಗೆ ನಾನಾಗಿದ್ದರೆ ಏನು ಮಾಡುತ್ತಿದ್ದೆ? ಟೈರು, ಬೆಲ್ಟು ನೋಡಿ, ಡಬ್ಬಿ ಬಿಚ್ಚಿ ಜಾಲರಿ ನೋಡಿ, ಎಳೆಯುವ ಪೈಪು ಕ್ಲಿಪ್ಪು ಹೊಸದು ಹಾಕಿ, ಹಳೆಯ ಎಣ್ಣೆ ಪೂರ್ತಿ ಹೊರಗೆ ತೆಗೆದು ಹೊಸದು ತುಂಬಿ, ಗಾಳಿ ತೆಗೆಯುತ್ತಿದ್ದೆ. ಗಾಳಿ ತೆಗೆಯುವುದರಲ್ಲಿ ಅವಸರ ಮಾಡಬಾರದು. ಮುಂದಿನ ಚಕ್ರ ಎತ್ತಿ, ಇಂಜಿನ್ ಆಫ್ ಇಟ್ಟೇ, ಸ್ಟೀರಿಂಗನ್ನು ನಿಧಾನವಾಗಿ ಆ ತುದಿಯಿಂದ ಈ ತುದಿಗೆ ಹದಿನೈದು ಇಪ್ಪತ್ತು ಸಲ ತಿರುಗಿಸಬೇಕು. ಮಧ್ಯೆ ಮಧ್ಯೆ ಎಣ್ಣೆ ತುಂಬುತ್ತಿರಬೇಕು. ಗುಳ್ಳೆ ನಿಂತ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತದೆ, ಮತ್ತೆ ಕೆಲವು ಸಲ. ಮೊದಲೇ ಇಂಜಿನ್ ಓಡಿಸಿದರೆ ಪಂಪ್ ಗಾಳಿಯನ್ನೂ ಎಣ್ಣೆಯನ್ನೂ ಕಡೆದು ಮಜ್ಜಿಗೆ ಮಾಡುತ್ತೆ. ಆ ನೊರೆ ಇಳಿಯಲು ಗಂಟೆಗಟ್ಟಲೆ ಬೇಕು. ಇಷ್ಟೆಲ್ಲ ಮಾಡಿ ಒಂದು ವಾರ ಓಡಿಸಿ. ಆಗಲೂ ಬೆಳಗಿನ ಗಟ್ಟಿ ಹೋಗದಿದ್ದರೆ ಗೇಜ್ ಹಾಕಿಸಿ. ಈ ಕೆಲಸ ಯಾವುದೂ ದಂಡವಲ್ಲ. ನಾಳೆ ಹೊಸ ಪಂಪ್ ಹಾಕಿದರೂ ಇವನ್ನು ಮಾಡಲೇಬೇಕು. ಕೊಳೆ ಎಣ್ಣೆಯ ಮೇಲೆ ಹೊಸ ಪಂಪ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತೆ.

ಯಾವ ಎಣ್ಣೆ ಅನ್ನುವುದು ಡಬ್ಬಿಯ ಮುಚ್ಚಳದಲ್ಲೋ ಗಾಡಿಯ ಪುಸ್ತಕದಲ್ಲೋ ಇರುತ್ತೆ. ಅದನ್ನೇ ಹಾಕಿ. ಕೈಗೆ ಸಿಕ್ಕಿತು ಅಂತ ಬ್ರೇಕ್ ಆಯಿಲ್ ಸುರಿಯಬೇಡಿ. ಬ್ರೇಕ್ ಆಯಿಲಿಗೆ ಈ ಸೀಲುಗಳು ಊದಿಕೊಂಡು ಹಾಳಾಗುತ್ತವೆ. ಈ ಎಣ್ಣೆ ಬ್ರೇಕಿನ ಡಬ್ಬಿಗೆ ಬಿದ್ದರಂತೂ ಇನ್ನೂ ಅಪಾಯ. ಬ್ರೇಕೇ ಹೋಗುತ್ತೆ. ಎರಡು ಡಬ್ಬಿಗಳು ಬಾನೆಟ್ ಒಳಗೆ ಅಕ್ಕಪಕ್ಕ ಇರಬಹುದು. ಮುಚ್ಚಳ ಓದಿ ಸುರಿಯಿರಿ.

ಇನ್ನು ನಿಮ್ಮ ಅಣ್ಣನ ಮಗಳ ಕಾರು. ಈಗಿನ ಸಣ್ಣ ಕಾರುಗಳೆಲ್ಲ ಹೆಚ್ಚುಕಡಿಮೆ ಕರೆಂಟಿನವು. ಎಣ್ಣೆಯ ಪವರ್ ಸ್ಟೀರಿಂಗ್ ಕಾರಿಗೆ ಬಂದದ್ದು 1951ರಲ್ಲಿ, ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಕರೆಂಟಿನದು 1988ರಲ್ಲಿ, ಜಪಾನಿನ ಸುಜುಕಿ ಸರ್ವೋ ಎಂಬ ಪುಟ್ಟ ಕಾರಿನಲ್ಲಿ. ಪಂಪು, ಬೆಲ್ಟು, ಎಣ್ಣೆ ಯಾವುದೂ ಇಲ್ಲ. ಸ್ಟೀರಿಂಗ್ ಕಂಬಿಗೆ ಒಂದು ಮೋಟಾರ್. ನೀವು ಎಷ್ಟು ಬಲ ಹಾಕುತ್ತಿದ್ದೀರಿ ಅಂತ ಟಾರ್ಕ್ ಸೆನ್ಸರ್ ಎಂಬುದು ಅಳೆಯುತ್ತೆ. ಒಂದು ಸಣ್ಣ ಕಂಪ್ಯೂಟರ್ ಅದಕ್ಕೆ ತಕ್ಕಂತೆ ಮೋಟಾರಿಗೆ ಕರೆಂಟ್ ಕೊಡುತ್ತೆ. ಅದರಲ್ಲಿ ಎಣ್ಣೆ ಡಬ್ಬಿ ಹುಡುಕಬೇಡಿ ಅಂತ ಮಗಳಿಗೆ ಹೇಳಿ.

ಲೈಟ್ ಹತ್ತಿ, ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತೆ ಅಂದರೆ, ಕಂಪ್ಯೂಟರಿಗೆ ಏನೋ ಅನುಮಾನ ಬಂದು ಸುರಕ್ಷತೆಗಾಗಿ ಸಹಾಯ ನಿಲ್ಲಿಸಿದೆ. ಮತ್ತೆ ಆನ್ ಮಾಡಿದಾಗ ಅದು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡು, ಆಗ ತಪ್ಪು ಕಾಣದೆ ಕೆಲಸ ಶುರು ಮಾಡುತ್ತೆ. ಬಂದು ಹೋಗುವ ತಪ್ಪು. ಅಂಥದ್ದು ಬ್ಯಾಟರಿ, ವೈರು, ಕನೆಕ್ಟರ್‌ಗಳಲ್ಲೇ ಜಾಸ್ತಿ ಇರುತ್ತೆ.

ಒಂದು ಹೆಡ್‌ಲೈಟ್ ಬಲ್ಬು ಎಳೆಯುವುದು ಸುಮಾರು 5 ಆಂಪಿಯರ್. ಕಾರು ನಿಂತಿದ್ದಾಗ ಸ್ಟೀರಿಂಗ್ ತಿರುಗಿಸಿದರೆ ಈ ಮೋಟಾರ್ ಕ್ಷಣಕ್ಕೆ ಅದರ ಎಂಟು ಹತ್ತು ಪಟ್ಟು ಎಳೆಯಬಹುದು. ಬ್ಯಾಟರಿ ಸೋತಿದ್ದರೆ, ಟರ್ಮಿನಲ್ ಮೇಲೆ ಬಿಳಿ ಹಸಿರು ಹುಡಿ ಕೂತಿದ್ದರೆ, ಬಾಡಿಗೆ ಹೋಗುವ ಅರ್ಥ್ ವೈರ್ ಸಡಿಲವಿದ್ದರೆ, ವೋಲ್ಟೇಜ್ ಬಿದ್ದು ಕಂಪ್ಯೂಟರ್ ಕೈ ಬಿಡುತ್ತೆ. ಮಲ್ಟಿಮೀಟರ್ ಇಟ್ಟು ನೋಡಿಸಿ. ಚೆನ್ನಾಗಿರುವ ಬ್ಯಾಟರಿ ರಾತ್ರಿ ನಿಂತ ಮೇಲೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಆಮೇಲೆ ಇಂಜಿನ್ ಓಡುತ್ತಿರುವಾಗ ಹೆಡ್‌ಲೈಟ್, ಎಸಿ ಹಾಕಿ, ಒಬ್ಬರು ಸ್ಟೀರಿಂಗ್ ತಿರುಗಿಸಲಿ, ಇನ್ನೊಬ್ಬರು ಮೀಟರ್ ನೋಡಲಿ. ವೋಲ್ಟೇಜ್ ಧಡಕ್ಕನೆ ಇಳಿದರೆ ಕಳ್ಳ ಸಿಕ್ಕ ಹಾಗೆ.

ಮಗಳನ್ನೂ ಕೇಳಿ, ಲೈಟ್ ಯಾವಾಗ ಬರುತ್ತೆ ಅಂತ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೇ ಆದರೆ ಬ್ಯಾಟರಿ. ಹಂಪ್ ಹಾರಿದಾಗ ಆದರೆ ಸಡಿಲ ಕನೆಕ್ಟರ್. ಮಳೆಯಲ್ಲಿ ಅಥವಾ ನೀರು ಹೊಡೆಸಿದ ಮೇಲೆ ಆದರೆ ಕನೆಕ್ಟರಿನೊಳಗೆ ನೀರು. ಪ್ರತಿ ವರ್ಷ ಆಯುಧ ಪೂಜೆ ಮುಗಿದ ವಾರ ಇಂಥ ಕಾರುಗಳು ನನ್ನ ಹತ್ತಿರ ಬರುತ್ತವೆ. ಪೂಜೆಗೆ ಅಂತ ಬಾನೆಟ್ ಎತ್ತಿ ಪ್ರೆಷರ್ ನೀರು ಹೊಡೆಸಿರುತ್ತಾರೆ. ಗಾಡಿಯ ಮೇಲಿನ ಪ್ರೀತಿ ಅದು, ನನಗೆ ಅರ್ಥವಾಗುತ್ತೆ. ಬಾನೆಟ್ ಒಳಗೆ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ಇನ್ನೊಂದು ಕಾರಣ ಇಲಿ. ನಿಮ್ಮ ಅಣ್ಣನ ಮಗಳು ವಾರಕ್ಕೊಮ್ಮೆ ಊರಿಗೆ ಬಂದು ಕಾರನ್ನು ಕಬ್ಬಿನ ಗದ್ದೆ ಪಕ್ಕ ನಿಲ್ಲಿಸುತ್ತಾರೆಯೇ? ಕಬ್ಬು ಕಡಿದ ಮೇಲೆ ಇಲಿ ಹೆಗ್ಗಣಗಳು ಬೆಚ್ಚನೆಯ ಬಾನೆಟ್ ಹುಡುಕಿಕೊಂಡು ಬರುತ್ತವೆ. ಒಣಗಿದ ಸೋಗೆ, ಕಾಗದದ ಚೂರು, ಹಿಕ್ಕೆ ಕಂಡರೆ ವೈರುಗಳನ್ನು ಒಂದೊಂದಾಗಿ ನೋಡಿಸಿ.

ಪಾರ್ಕಿಂಗಿನಲ್ಲಿ ಹತ್ತಾರು ಸಲ ಹಿಂದೆ ಮುಂದೆ ಮಾಡಿ ಫುಲ್ ಕಟ್ ಹೊಡೆದಾಗ ಮಾತ್ರ ಗಟ್ಟಿಯಾಗುತ್ತೆ, ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತೆ ಅಂದರೆ ಅದು ಕೆಟ್ಟಿದ್ದಲ್ಲ. ಮೋಟಾರ್ ಬಿಸಿಯಾಗದಿರಲಿ ಅಂತ ಕಂಪ್ಯೂಟರ್ ತಾನೇ ಬಲ ಕಡಿಮೆ ಮಾಡಿದೆ. ಹೊಸದಾಗಿ ಕಾರು ಕಲಿತವರು ಇದಕ್ಕೆ ಹೆದರುತ್ತಾರೆ.

ಬ್ಯಾಟರಿ, ಅರ್ಥ್, ಫ್ಯೂಸ್ ಎಲ್ಲ ಸರಿ ಇದ್ದರೆ, ಕಂಪ್ಯೂಟರ್ ಗುರುತಿಟ್ಟ ತಪ್ಪಿನ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಇಲ್ಲೊಂದು ಎಚ್ಚರ. ಅಗ್ಗದ ಸ್ಕ್ಯಾನರ್‌ಗಳು ಇಂಜಿನ್ನಿನ ಕೋಡ್ ಮಾತ್ರ ಓದುತ್ತವೆ. ಸ್ಟೀರಿಂಗ್ ಕಂಪ್ಯೂಟರಿನೊಳಗೆ ಹೋಗುವುದಿಲ್ಲ. ಕೋಡ್ ಏನೂ ಇಲ್ಲ ಅಂದರೆ, ಸ್ಟೀರಿಂಗ್ ಯೂನಿಟ್ ಓದಿದಿರಾ ಅಂತ ಕೇಳಿ. ಕೋಡ್ ಓದುವ ಮುಂಚೆ ಬ್ಯಾಟರಿ ವೈರ್ ಕಳಚಬೇಡಿ, ಸುಳಿವು ಅಳಿಸಿಹೋಗಬಹುದು. ಕೋಡ್ ಟಾರ್ಕ್ ಸೆನ್ಸರ್ ಅಂತ ತೋರಿಸಿದರೂ ಮೊದಲು ಅದರ ವೈರು, ಪಿನ್ನು ನೋಡಿಸಿ. ಆಮೇಲೆ ಪೂರ್ತಿ ಕಾಲಂ, ಅಂದರೆ ಮೋಟಾರ್ ಕೂತಿರುವ ಸ್ಟೀರಿಂಗ್ ಕಂಬಿ, ಬದಲಿಸುವ ಮಾತು. ಕಾಲಂ ಬಿಚ್ಚಿ ಹಾಕಿದರೆ ಅನೇಕ ಕಾರುಗಳಲ್ಲಿ ಸ್ಕ್ಯಾನರಿನಲ್ಲಿ ಮಧ್ಯದ ಜಾಗವನ್ನು ಮತ್ತೆ ಹೊಂದಿಸಬೇಕಾಗುತ್ತೆ. ಅದನ್ನು ಬಿಟ್ಟರೆ ಸ್ಟೀರಿಂಗ್ ಒಂದು ಕಡೆಗೆ ಎಳೆಯಬಹುದು. ಅವರ ಕಾರಿನ ಕಂಪನಿ ಇದೇ ಭಾಗಕ್ಕೆ ರಿಕಾಲ್ ಕೊಟ್ಟಿದೆಯೇ ಅಂತ ಚಾಸಿಸ್ ನಂಬರ್ ಕೊಟ್ಟು ಶೋರೂಮಿನಲ್ಲಿ ವಿಚಾರಿಸುವುದೂ ಒಳ್ಳೆಯದು. ಇದ್ದರೆ ಅವರೇ ದುಡ್ಡಿಲ್ಲದೆ ಸರಿಮಾಡಿ ಕೊಡುತ್ತಾರೆ.

ಸರಿಹೋಗುವ ತನಕ ಓಡಿಸಬಹುದೇ? ನೀವು ಕೇಳಿಲ್ಲ, ಆದರೂ ಹೇಳಬೇಕು. ಪವರ್ ಹೋದರೂ ಸ್ಟೀರಿಂಗಿಗೂ ಚಕ್ರಕ್ಕೂ ಇರುವ ಕಬ್ಬಿಣದ ಕೊಂಡಿ ಹೋಗುವುದಿಲ್ಲ. ಗಾಡಿ ತಿರುಗೇ ತಿರುಗುತ್ತೆ, ತೋಳಿನ ಬಲ ಬೇಕು ಅಷ್ಟೇ. ವೇಗದಲ್ಲಿದ್ದಾಗ ಅಷ್ಟು ಗೊತ್ತಾಗುವುದಿಲ್ಲ. ಮೈಸೂರಿನ ಸರ್ಕಲ್‌ಗಳಲ್ಲಿ ನಿಧಾನವಾಗಿ ಸುತ್ತುವಾಗ ತಟ್ಟನೆ ಗೊತ್ತಾಗುತ್ತೆ. ಮಗಳಿಗೆ ಇದನ್ನು ಮೊದಲೇ ಹೇಳಿಡಿ. ಲೈಟ್ ಹತ್ತಿದರೆ ಗಾಬರಿಯಾಗದೆ ಎರಡೂ ಕೈಯಲ್ಲಿ ಗಟ್ಟಿ ಹಿಡಿದು, ವೇಗ ತಗ್ಗಿಸಿ, ಬದಿಗೆ ಬರಲಿ. ಓಡುತ್ತಿರುವಾಗ ಮಾತ್ರ ಆಫ್ ಮಾಡಿ ಆನ್ ಮಾಡಬಾರದು. ಚಾಮುಂಡಿ ಬೆಟ್ಟ ಇಳಿಯುವಾಗ ಡೀಸೆಲ್, ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡುವವರನ್ನು ನಾನು ಈಗಲೂ ನೋಡುತ್ತೇನೆ. ದಯವಿಟ್ಟು ಯಾರೂ ಮಾಡಬೇಡಿ. ಸ್ಟೀರಿಂಗಿನ ಪವರ್ ಹೋಗುತ್ತೆ, ನಾಲ್ಕು ಸಲ ಒತ್ತಿದರೆ ಬ್ರೇಕಿನ ಬಲವೂ ಹೋಗುತ್ತೆ. ಕೀ ಹೊರಗೆ ತೆಗೆದರೆ ಸ್ಟೀರಿಂಗ್ ಲಾಕೇ ಬೀಳಬಹುದು.

ನಿಮ್ಮ ಗಾಡಿಯನ್ನು ಗ್ಯಾರೇಜಿಗೆ ಹಾಕುವ ತನಕ ಬೆಳಿಗ್ಗೆ ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಟ್ಟು ಹೊರಡಿ. ಫುಲ್ ಕಟ್ ಮಾಡಿ ಹಿಡಿದುಕೊಂಡಿರಬೇಡಿ. ತುದಿ ಮುಟ್ಟಿದ ಕೂಡಲೇ ಸ್ವಲ್ಪ ಹಿಂದಕ್ಕೆ ಬಿಡಿ. ತುದಿಯಲ್ಲಿ ಸ್ವಲ್ಪ ಸುಯ್ ಅನ್ನುವುದು ಮಾಮೂಲು, ಅದಕ್ಕೆ ಹೆದರಬೇಡಿ. ದಿನಾ ಡಬ್ಬಿಯ ಮಟ್ಟ ನೋಡಿ. ಮಟ್ಟ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಆಗ ಇಂಜಿನ್ ಓಡುತ್ತಿರುವಾಗ ಒತ್ತಡದ ಪೈಪನ್ನು ಬರಿಗೈಯಲ್ಲಿ ತಡವಬೇಡಿ. ಸೂಜಿಯ ಹಾಗೆ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೋಗಬಹುದು. ರಟ್ಟಿನ ಚೂರು ಹಿಡಿದು ನೋಡಿ. ಸೋರಿದ ಎಣ್ಣೆ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬೀಳುತ್ತಿದ್ದರೆ, ಸುಟ್ಟ ವಾಸನೆಯ ಜೊತೆ ಬಾನೆಟ್ ಸಂದಿಯಿಂದ ಹೊಗೆ ಬರುತ್ತಿದ್ದರೆ, ಆ ಗಾಡಿಯನ್ನು ತೆಗೆಯಲೇಬೇಡಿ. ಬೆಂಕಿ ಹತ್ತಿಕೊಳ್ಳಬಹುದು. ಮೆಕ್ಯಾನಿಕನ್ನೇ ಊರಿಗೆ ಕರೆಸಿ, ಇಲ್ಲವೇ ಟೋ ಮಾಡಿಸಿ ತನ್ನಿ.